ಗಣಕದ ಪಾರುಪತ್ಯ ಯಾರಿಗೆ?

2025ನೆಯ ಇಸವಿಯ ಅಕ್ಟೋಬರ್ 14ರಂದು, ಲೋಕದ ನಾನಾ ಭಾಗಗಳಲ್ಲಿ ಮನೆಗಳ ಮೇಜಿನ ಮೇಲೆ ಹಿಂದಿನ ದಿನದಂತೆಯೇ ದುಡಿಯುತ್ತಿದ್ದ ಅಸಂಖ್ಯ ಗಣಕಯಂತ್ರಗಳು, ಒಂದು ತಿರುಪು ಸಡಿಲವಾಗದೆ, ಒಂದು ತಂತಿ ಕಡಿಯದೆ, ಏಕಕಾಲದಲ್ಲಿ ಮುದಿಯಾದವು. 2015ರ ಜುಲೈ ತಿಂಗಳಲ್ಲಿ ತಾನು ಹೊರತಂದಿದ್ದ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಇನ್ನು ಮೇಲೆ ರಕ್ಷಣೆಯ ತಿದ್ದುಪಡಿಗಳು ಬರತಕ್ಕವಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆ ಬಹುಕಾಲದಿಂದ ಸಾರಿಕೊಂಡು ಬಂದಿದ್ದ ಗಡುವು ಅಂದಿಗೆ ತೀರಿತು. ಬೇಕೆಂದು ನೋಂದಾಯಿಸಿಕೊಂಡ ಗೃಹಸ್ಥರಿಗೆ ಇನ್ನೊಂದು ವರ್ಷದ ವಾಯಿದೆ ದೊರೆಯಿತೆಂಬುದು ನಿಜವಾದರೂ, ವಾಯಿದೆಯೆಂದರೆ ಮುಂದೂಡಿದ ಗಡುವೇ ಸರಿ. ಹಾಗಿದ್ದರೆ ಹೊಸದಾದ ವಿಂಡೋಸ್ 11ನ್ನೇ ಅದೇ ಯಂತ್ರಕ್ಕೆ ಹಾಕಿಕೊಳ್ಳೋಣವೆಂದರೆ, ಗೂಢಲಿಪಿಯ ಕೀಲಿಗಳನ್ನು ಕಾಪಾಡತಕ್ಕ ಟಿಪಿಎಂ 2.0 ಎಂಬ ಅಂಗವೂ, ಸ್ಥೂಲವಾಗಿ 2017ರ ಉತ್ತರಾರ್ಧದಿಂದೀಚೆಗೆ ತಯಾರಾದ ಸಂಸ್ಕಾರಕವೂ ಇಲ್ಲದ ಯಂತ್ರವನ್ನು ಅದು ಅಧಿಕೃತವಾಗಿ ಒಪ್ಪಲೊಲ್ಲದು. ಆದುದರಿಂದ 2016ರಲ್ಲಿ ಮಗಳ ಕಾಲೇಜಿಗೆಂದು ಕೊಂಡು, ಧೂಳು ಬೀಳದಂತೆ ಬಟ್ಟೆ ಹೊದಿಸಿ ಇಟ್ಟುಕೊಂಡು, ಇಂದಿಗೂ ಪತ್ರ ಬರೆಯಲು, ಪಹಣಿ ನೋಡಲು, ದೂರದಲ್ಲಿರುವ ಮೊಮ್ಮಕ್ಕಳ ಮುಖ ಕಾಣಲು ಯಾವ ಕುಂದೂ ಇಲ್ಲದೆ ಒದಗುತ್ತಿರುವ ಗಣಕದ ಯಜಮಾನರು, ಅದು ಹಳತಾಯಿತೆಂಬ ವಾರ್ತೆಯನ್ನು ಆ ಯಂತ್ರವನ್ನು ತಯಾರಿಸಿದವರಿಂದಲೂ ಅಲ್ಲ, ಅದರೊಳಗಿನ ತಂತ್ರಾಂಶವನ್ನು ಬರೆದವರಿಂದ ಕೇಳಬೇಕಾಗಿ ಬಂದಿತು.

ಮನೆಯ ಗಣಕಕ್ಕೆ ಯಾವ ಓಎಸ್, ಅಂದರೆ ಕಾರ್ಯಾಚರಣ ವ್ಯವಸ್ಥೆ, ಹಾಕಿಸಬೇಕೆಂಬ ಪ್ರಶ್ನೆಯನ್ನು ಈ ಘಟನೆಯ ಬೆಳಕಿನಲ್ಲಿ ನೋಡುವುದು ಒಳಿತೆಂದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಈ ಪ್ರಶ್ನೆಗೆ ದೊರೆಯುವ ಉತ್ತರಗಳು ಯಾವುದು ವೇಗ, ಯಾವುದು ಸುಂದರ, ಯಾವುದು ಭದ್ರ ಎಂಬ ಗುಣಗಣನೆಯಲ್ಲಿ ತೊಡಗಿ, ಹೇಳುವವನ ಸ್ವಂತ ಅಭ್ಯಾಸದ ಪ್ರಶಂಸೆಯಲ್ಲಿ ಪರ್ಯವಸಾನವಾಗುತ್ತವೆ. ಗುಣಗಳ ವಿಷಯದಲ್ಲಿ ಈ ವ್ಯವಸ್ಥೆಗಳು ಈಗ ಒಂದಕ್ಕೊಂದು ಎಷ್ಟು ಸಮೀಪಕ್ಕೆ ಬಂದಿವೆಯೆಂದರೆ, ಆ ಗಣನೆಯಿಂದ ನಿರ್ಣಯ ಹೊರಡುವುದು ದುರ್ಲಭ. ಭೇದವಿರುವುದು ಬೇರೆಡೆ: ಗಣಕದ ಆಯುಸ್ಸನ್ನು ಯಾರು ಗೊತ್ತುಮಾಡುತ್ತಾರೆ, ನಮ್ಮ ಕೆಲಸವು ಹೊರಗಿನ ಯಾರ ಯಾರ ಕೆಲಸಕ್ಕೆ ಗಂಟುಬಿದ್ದಿದೆ ಎಂಬ ಎರಡು ಸಂಗತಿಗಳಲ್ಲಿ. ಅದನ್ನು ತಿಳಿಯುವುದಕ್ಕೆ ಮೊದಲು ಈ ವ್ಯವಸ್ಥೆ ಮಾಡುವುದಾದರೂ ಏನು ಎಂಬುದನ್ನು ತುಸು ನೋಡಬೇಕು.

ದೊಡ್ಡ ದೇವಸ್ಥಾನಗಳಲ್ಲಿ ಪಾರುಪತ್ತೇಗಾರನೆಂಬ ಅಧಿಕಾರಿಯಿರುತ್ತಿದ್ದುದನ್ನು ಹಿರಿಯರು ಬಲ್ಲರು. ಪೂಜೆ ಮಾಡತಕ್ಕವನು ಅವನಲ್ಲ, ಅಡುಗೆ ಮಾಡತಕ್ಕವನೂ ಅವನಲ್ಲ, ವಾಲಗ ಊದತಕ್ಕವನೂ ಅವನಲ್ಲ. ಆದರೆ ಉಗ್ರಾಣದ ಬೀಗದ ಕೈಗೊಂಚಲು ಅವನ ಸೊಂಟದಲ್ಲಿ. ಅಡುಗೆಯವರಿಗೆ ಅಕ್ಕಿ ಅಳೆದು ಕೊಡಿಸುವುದು, ಯಾವ ಸೇವೆ ಮೊದಲು ಯಾವುದು ಆಮೇಲೆ ಎಂದು ಸರದಿ ಹಚ್ಚುವುದು, ಒಬ್ಬರ ಪಾತ್ರೆಗೆ ಇನ್ನೊಬ್ಬರು ಕೈ ಹಾಕದಂತೆ ಕಾಯುವುದು, ಯಾವ ವಸ್ತು ಎಲ್ಲಿದೆಯೆಂಬ ಲೆಕ್ಕವಿಡುವುದು, ಇವಿಷ್ಟು ಅವನ ಪಾಲಿನವು. ಗಣಕದಲ್ಲಿ ಕಾರ್ಯಾಚರಣ ವ್ಯವಸ್ಥೆಯದು ಇಂಥ ಪಾರುಪತ್ಯ. ನಾವು ಬರೆಯುವ ಪತ್ರ, ಕೇಳುವ ಸಂಗೀತ, ನೋಡುವ ಚಿತ್ರ ಒಂದೊಂದೂ ಬೇರೆ ಬೇರೆ ತಂತ್ರಾಂಶಗಳ ಕಾರ್ಯ. ಅವುಗಳಿಗೆಲ್ಲ ಕಾಲವನ್ನೂ ಸ್ಥಳವನ್ನೂ ಅಳೆದು ಕೊಡುವುದು ಮಾತ್ರ ಇದರ ಕಾರ್ಯ.

ಕಾಲವನ್ನು ಅಳೆಯುವ ಪರಿ ಹೀಗೆ. ಮೂರು ಗಿಗಾಹರ್ಟ್ಸ್ ವೇಗದ ಸಂಸ್ಕಾರಕವೆಂದರೆ ಸೆಕೆಂಡಿಗೆ 300 ಕೋಟಿ ತಾಳ ಹಾಕತಕ್ಕದ್ದು. ಅದರಲ್ಲಿ ನಾಲ್ಕೋ ಎಂಟೋ ಒಳಸಂಸ್ಕಾರಕಗಳು, ಅಂದರೆ ಕೋರ್‌ಗಳು ಇದ್ದರೂ, ನಡೆಯಬೇಕೆಂದು ಕಾದಿರುವ ಕಾರ್ಯಗಳು ನೂರಾರು. ಆದುದರಿಂದ ಒಂದೊಂದು ಕಾರ್ಯಕ್ಕೂ ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗಗಳಷ್ಟು ಕಾಲವನ್ನು ಕೊಟ್ಟು, ಆ ಅವಧಿ ತೀರಿದೊಡನೆ ಯಂತ್ರದೊಳಗಿನ ಗಡಿಯಾರ ತಟ್ಟಿ ಎಬ್ಬಿಸಲಾಗಿ, ಇದ್ದ ಕಾರ್ಯವನ್ನು ಇದ್ದಲ್ಲಿಯೇ ನಿಲ್ಲಿಸಿ, ಅದರ ಸ್ಥಿತಿಯನ್ನೆಲ್ಲ ಬರೆದಿಟ್ಟು, ಮತ್ತೊಂದನ್ನು ಅದು ನಿಂತಿದ್ದ ಜಾಗದಿಂದ ಮುಂದುವರಿಸುವುದು. ಈ ಬದಲಾವಣೆ ಎಷ್ಟು ಶೀಘ್ರವೆಂದರೆ ಹಾಡು ಕಡಿಯದೆ ಕೇಳುತ್ತದೆ, ಅಕ್ಷರ ತಡೆಯದೆ ಮೂಡುತ್ತದೆ, ಎಲ್ಲವೂ ಒಟ್ಟಿಗೆ ನಡೆಯುತ್ತಿರುವಂತೆ ನಮಗೆ ಭಾಸವಾಗುತ್ತದೆ. ಸ್ಥಳದ ವಿಷಯದಲ್ಲಿಯಂತೂ ಇನ್ನೂ ದೊಡ್ಡ ಮಾಯೆ. ಪ್ರತಿಯೊಂದು ತಂತ್ರಾಂಶಕ್ಕೂ ಗಣಕದ ಸ್ಮೃತಿಯೆಲ್ಲ ತನ್ನೊಂದರದೇ ಎಂಬ ಭ್ರಮೆಯನ್ನು ಹುಟ್ಟಿಸಿ, ಅದು ಹೇಳುವ ಕಾಲ್ಪನಿಕ ವಿಳಾಸಗಳನ್ನು, ಸಾಮಾನ್ಯವಾಗಿ 4,096 ಬೈಟುಗಳ ಪುಟಗಳ ಲೆಕ್ಕದಲ್ಲಿ, ನಿಜವಾದ ವಿಳಾಸಗಳಿಗೆ ಮಾರ್ಪಡಿಸಿಕೊಡಲಾಗುತ್ತದೆ. ಒಂದರ ಪುಟ ಮತ್ತೊಂದಕ್ಕೆ ಕಾಣುವುದೇ ಇಲ್ಲವಾದ ಕಾರಣ, ಆಟದ ತಂತ್ರಾಂಶ ಕೆಟ್ಟು ಕುಸಿದರೂ ಅರ್ಧ ಬರೆದ ಪತ್ರಕ್ಕೆ ಏನೂ ಆಗುವುದಿಲ್ಲ.

ಈ ವಿದ್ಯೆ ಹೊಸತೇನಲ್ಲ. ಒಂದೇ ಯಂತ್ರದ ಕಾಲವನ್ನು ಅನೇಕರಿಗೆ ಹಂಚುವ ಉಪಾಯವನ್ನು ಫರ್ನಾಂಡೊ ಕೊರ್ಬಾಟೊ ಎಂಬವರು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 1961ರಲ್ಲಿಯೇ ಮಾಡಿ ತೋರಿಸಿದ್ದರು. ಒಬ್ಬರ ಕಡತ ಮತ್ತೊಬ್ಬರ ಕೈಗೆ ಸಿಕ್ಕದಂತೆ ಪಾಸ್‌ವರ್ಡ್ ಎಂಬ ಉಪದ್ರವವನ್ನು ಗಣಕಕ್ಕೆ ತಂದವರಲ್ಲಿಯೂ ಅವರೇ ಮೊದಲಿಗರು. ಕಾಲ್ಪನಿಕ ಸ್ಮೃತಿಯ ತತ್ತ್ವವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಅಟ್ಲಾಸ್ ಗಣಕ 1962ರಲ್ಲಿ ಬಳಕೆಗೆ ತಂದಿತು. ಆಶ್ಚರ್ಯದ ಸಂಗತಿಯೆಂದರೆ, ಮನೆಗಳಿಗೆಂದು 1980ರ ದಶಕದಲ್ಲಿ ಬಂದ ಅಗ್ಗದ ಗಣಕಗಳು ಬಹುಮಟ್ಟಿಗೆ ಈ ಎರಡು ವಿದ್ಯೆಗಳನ್ನೂ ಬಿಟ್ಟೇ ಬಂದವು. 1981ರ ಐಬಿಎಂ ಪಿಸಿಯ ಡಾಸ್ ವ್ಯವಸ್ಥೆ ಒಂದು ಹೊತ್ತಿಗೆ ಒಂದೇ ಕಾರ್ಯವನ್ನು ನಡೆಸುತ್ತಿತ್ತು. 1984ರ ಮ್ಯಾಕಿಂಟಾಷ್ ಚಿತ್ರಗಳಿಂದಲೂ ಮೌಸಿನಿಂದಲೂ ಜನರನ್ನು ಬೆರಗುಗೊಳಿಸಿತಾದರೂ, ಅದರಲ್ಲಿ ಒಂದು ತಂತ್ರಾಂಶ ಎಡವಿದರೆ ಯಂತ್ರವನ್ನೇ ಆರಿಸಿ ಹೊತ್ತಿಸಬೇಕಾಗುತ್ತಿತ್ತು. ಡೇವ್ ಕಟ್ಲರ್ ಎಂಬ ನಿಷ್ಠುರ ಶಿಲ್ಪಿಯ ನೇತೃತ್ವದಲ್ಲಿ ಸಿದ್ಧವಾಗಿ 1993ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿ, ಎಕ್ಸ್‌ಪಿ ಎಂಬ ಹೆಸರಿನಿಂದ ಸಾಮಾನ್ಯರ ಮನೆಗೆ ಬಂದದ್ದು 2001ರ ಅಕ್ಟೋಬರಿನಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಆಪಲ್ ಸಂಸ್ಥೆಯೂ ತನ್ನ ಹಳೆಯ ವ್ಯವಸ್ಥೆಯನ್ನು ಬಿಟ್ಟು, ಯುನಿಕ್ಸ್ ವಂಶದ ಮ್ಯಾಕ್ ಓಎಸ್ ಎಕ್ಸ್ ಎಂಬುದನ್ನು ಕೈಕೊಂಡಿತು. ಮಾತುಮಾತಿಗೆ ನೀಲಿ ಪರದೆಯನ್ನು ತೋರಿಸಿ ಗಣಕವು ಮೂರ್ಛೆ ಹೋಗುತ್ತಿದ್ದ ಕತೆಗಳು ಬಹುಮಟ್ಟಿಗೆ ಅದಕ್ಕೆ ಹಿಂದಿನ ಕಾಲದವು. ಇಂದು ಸ್ಥಿರತೆಯೊಂದನ್ನೇ ಹಿಡಿದು ಒಂದನ್ನು ಹೊಗಳಿ ಮತ್ತೊಂದನ್ನು ತೆಗಳುವವರು ಇಪ್ಪತ್ತೈದು ವರ್ಷ ಹಳೆಯ ವ್ಯಾಜ್ಯವನ್ನು ನಡೆಸುತ್ತಿದ್ದಾರೆಂದು ತಿಳಿಯಬೇಕು.

ಆದರೂ 2024ರ ಜುಲೈ 19ರಂದು ಲೋಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಹೋದುವಲ್ಲ, ನಮ್ಮ ವಿಮಾನನಿಲ್ದಾಣಗಳಲ್ಲಿಯೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತಲ್ಲ ಎಂದು ಕೇಳಬಹುದು. ಕೇಳತಕ್ಕ ಮಾತೇ. ಸಂಸ್ಕಾರಕವು ಎರಡು ಅಧಿಕಾರಗಳನ್ನು ಬಲ್ಲದು: ಒಂದು ಎಲ್ಲ ತಂತ್ರಾಂಶಗಳಿಗೂ ಇರತಕ್ಕ ಸಾಮಾನ್ಯ ಅಧಿಕಾರ, ಮತ್ತೊಂದು ಕರ್ನೆಲ್ ಎಂದು ಕರೆಯಲ್ಪಡುವ ಗರ್ಭಭಾಗಕ್ಕೆ ಮಾತ್ರ ಮೀಸಲಾದ ಸರ್ವಾಧಿಕಾರ. ಸಾಮಾನ್ಯ ಅಧಿಕಾರದಲ್ಲಿದ್ದು ತಪ್ಪಿದವನನ್ನು ಹೊರಹಾಕಿ ಉಳಿದವರನ್ನು ಕಾಪಾಡಬಹುದು; ಗರ್ಭಭಾಗದಲ್ಲಿಯೇ ತಪ್ಪು ಸಂಭವಿಸಿದರೆ ಇಡೀ ಯಂತ್ರವನ್ನು ನಿಲ್ಲಿಸುವುದರ ಹೊರತು ಗತಿಯಿಲ್ಲ. ದೊಡ್ಡ ಸಂಸ್ಥೆಗಳು ಕಾವಲಿಗೆಂದು ಇಟ್ಟುಕೊಂಡಿದ್ದ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶ ಗರ್ಭಭಾಗದಲ್ಲಿ ನೆಲೆಸಿತ್ತು, ಅದಕ್ಕೆ ಬಂದ ಒಂದು ದೋಷಯುಕ್ತ ಕಡತ ಅನರ್ಥಕ್ಕೆ ಕಾರಣವಾಯಿತು. ಅದನ್ನು ಇಟ್ಟುಕೊಳ್ಳದ ಮನೆಯ ಗಣಕಗಳಿಗೆ ಅಂದು ಏನೂ ಆಗಲಿಲ್ಲ. ಗರ್ಭಭಾಗಕ್ಕೆ ಯಾರನ್ನು ಬಿಟ್ಟುಕೊಳ್ಳಬೇಕೆಂಬ ವಿವೇಕ ಎಲ್ಲ ವ್ಯವಸ್ಥೆಗಳಿಗೂ ಸಮಾನವಾಗಿ ಬೇಕಾದದ್ದು.

ಮೂರನೆಯದಾದ ಲಿನಕ್ಸಿನ ಹುಟ್ಟು ಬೇರೆ ರೀತಿಯದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಲಿನುಸ್ ಟೊರ್ವಾಲ್ಡ್ಸ್, ತಾನು ಕೊಂಡಿದ್ದ 386 ಸಂಸ್ಕಾರಕದ ಗಣಕದ ಮೇಲೆ ವಿನೋದಕ್ಕೆಂದು ಒಂದು ಕರ್ನೆಲನ್ನು ಬರೆಯಲಾರಂಭಿಸಿದನು. ಅದಕ್ಕೆ ಎಂಟು ವರ್ಷ ಮೊದಲೇ ರಿಚರ್ಡ್ ಸ್ಟಾಲ್ಮನ್ ಎಂಬವರು, ಯಾರೂ ಬಳಸಬಹುದಾದ, ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಸಂಪೂರ್ಣ ವ್ಯವಸ್ಥೆಯನ್ನು ಗ್ನೂ ಎಂಬ ಹೆಸರಿನಿಂದ ನಿರ್ಮಿಸುವ ಸಂಕಲ್ಪವನ್ನು ಸಾರಿ, ಕರ್ನೆಲೊಂದರ ಹೊರತು ಉಳಿದ ಬಹುಭಾಗವನ್ನು ಸಿದ್ಧಪಡಿಸಿಟ್ಟಿದ್ದರು. ಎರಡೂ ಕೂಡಿದವು. 1992ರಲ್ಲಿ ಟೊರ್ವಾಲ್ಡ್ಸ್ ತನ್ನ ಕೃತಿಯನ್ನು ಸ್ಟಾಲ್ಮನ್ನರ ಪರವಾನಗಿಯ ನಿಯಮಕ್ಕೇ ಒಳಪಡಿಸಿದ್ದರಿಂದ, ಅದು ಯಾವ ಒಬ್ಬರ ಸ್ವತ್ತೂ ಆಗದೆ ಉಳಿಯಿತು. ಹೀಗೆ ಒಡೆತನವಿಲ್ಲದ ಕಾರಣ ಅದು ಒಂದೇ ರೂಪದಲ್ಲಿ ದೊರೆಯದೆ, ಡೆಬಿಯನ್, ಫೆಡೋರಾ, ಉಬುಂಟು, ಮಿಂಟ್ ಎಂದು ನಾನಾ ಮನೆತನಗಳಾಗಿ ಕವಲೊಡೆದಿದೆ. ಹೊಸಬನನ್ನು ಕಂಗೆಡಿಸುವುದು ಈ ಕವಲುಗಳೇ. ಆದರೆ ಲಿನಕ್ಸ್ ಎಂದರೆ ಪಂಡಿತರ ಪದಾರ್ಥವೆಂದು ದೂರವಿಡುವವರೂ, ಜೇಬಿನಲ್ಲಿ ಆಂಡ್ರಾಯ್ಡ್ ಫೋನು ಇದ್ದಲ್ಲಿ, ಲಿನಕ್ಸಿನ ಕರ್ನೆಲನ್ನು ದಿನವೂ ಹೊತ್ತು ತಿರುಗುವವರೇ. ನೆರೆಯ ಕೇರಳದಲ್ಲಿ ಸರಕಾರಿ ಶಾಲೆಗಳ ಮಕ್ಕಳು ಗಣಕವನ್ನು ಕಲಿಯುತ್ತಿರುವುದು ಬಹುಕಾಲದಿಂದಲೂ ಇದರ ಮೇಲೆಯೇ.

ಆಯುಸ್ಸಿನ ಪ್ರಶ್ನೆಗೆ ಬರೋಣ. ಆಪಲ್ ಯಂತ್ರಗಳಲ್ಲಿ ಯಂತ್ರಾಂಶವನ್ನೂ ತಂತ್ರಾಂಶವನ್ನೂ ತಯಾರಿಸುವವರು ಒಬ್ಬರೇ ಆದ್ದರಿಂದ ಅವೆರಡರ ಹೊಂದಾಣಿಕೆ ಸೊಗಸಾಗಿರುತ್ತದೆ, ಆಯುಸ್ಸಿನ ನಿರ್ಣಯವೂ ಅವರದೇ ಆಗಿರುತ್ತದೆ. ಇಂಟೆಲ್ ಸಂಸ್ಕಾರಕವಿರುವ ತಮ್ಮ ಯಂತ್ರಗಳಿಗೆ ಬೆಂಬಲವು 2025ರಲ್ಲಿ ಬರತಕ್ಕ ಆವೃತ್ತಿಗೆ ಕೊನೆಯಾಗುವುದೆಂದು ಆ ಸಂಸ್ಥೆಯವರು ಅದೇ ವರ್ಷ ಜೂನ್ ತಿಂಗಳಲ್ಲಿ ಸಾರಿದರು. 2020ರವರೆಗೂ ಸಾವಿರಾರು ರೂಪಾಯಿ ಅಧಿಕ ತೆತ್ತು ಆ ಯಂತ್ರಗಳನ್ನು ಕೊಂಡವರಿದ್ದಾರೆ. ವಿಂಡೋಸಿನ ಸಂಗತಿಯನ್ನು ಮೊದಲೇ ಹೇಳಿದೆ. ಲಿನಕ್ಸಿನಲ್ಲಿಯೂ ಹಳೆಯದನ್ನು ಬಿಡುವುದುಂಟು: ಟೊರ್ವಾಲ್ಡ್ಸ್ ತನ್ನ ಕೃತಿಯನ್ನು ಮೊದಲು ಬರೆದ ಆ 386 ಸಂಸ್ಕಾರಕವನ್ನೇ 2012ರ ಡಿಸೆಂಬರಿನಲ್ಲಿ ಕರ್ನೆಲಿನಿಂದ ಕೈಬಿಡಲಾಯಿತು, ಅದೂ ಸ್ವತಃ ಟೊರ್ವಾಲ್ಡ್ಸನ ಸಮ್ಮತಿಯಿಂದ. ಆದರೆ ಆ ಸಂಸ್ಕಾರಕ ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ಇಪ್ಪತ್ತೇಳು ವರ್ಷಗಳ ಕಾಲ ಒಂದು ಯಂತ್ರವನ್ನು ಹೊತ್ತು ಸಾಗಿದ ತರುವಾಯ ಇಳಿಸಿದರೆ ಯಾರೂ ದೂರಲಾರರು. ಹಳೆಯ ಯಂತ್ರಗಳನ್ನು ಮಾರಾಟಕ್ಕೆ ಅಡ್ಡಿಯೆಂದು ಎಣಿಸುವವರು ಅಲ್ಲಿಲ್ಲವಾದ್ದರಿಂದ ಈ ತಾಳ್ಮೆ ಸಾಧ್ಯವಾಯಿತು. 4 ಜಿಬಿ ಸ್ಮೃತಿಯ, ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ರೂಪವನ್ನು ಇರಿಸಿದರೆ, ಅದು ಇನ್ನೂ ಕೆಲವು ವರ್ಷ ನಿರಾಯಾಸವಾಗಿ ದುಡಿಯುವುದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ರಿಪೇರಿ ಅಂಗಡಿಯವರೂ ಬಲ್ಲರು. ಅಲ್ಲಿ ಕೇಳದಿದ್ದರೆ ಹಾಕಿಕೊಡುವುದು ಮಾತ್ರ ಎಷ್ಟೋ ವೇಳೆ ವಿಂಡೋಸಿನ ಕಳ್ಳಪ್ರತಿಯನ್ನೇ, ಎಂಬುದನ್ನು ಖೇದದಿಂದ ಹೇಳಬೇಕಾಗಿದೆ. ರಕ್ಷಣೆಯ ತಿದ್ದುಪಡಿಗಾಗಿ ಚಿಂತಿಸುವವರು ಬೀಗ ಒಡೆದು ತಂದ ತಂತ್ರಾಂಶದಿಂದ ರಕ್ಷಣೆಯನ್ನು ನಿರೀಕ್ಷಿಸುವುದು ವಿಪರೀತವಲ್ಲವೆ?

ಇಷ್ಟಾದ ಮೇಲೆ ಎಲ್ಲರೂ ಲಿನಕ್ಸಿಗೆ ಬನ್ನಿರೆಂದು ನಾನು ಕರೆಯುವೆನೆಂದು ಓದುಗರು ಭಾವಿಸಿದ್ದಲ್ಲಿ ಎರಡನೆಯ ಸಂಗತಿಯನ್ನು ಕೇಳಬೇಕು. ಮನೆಯ ಗಣಕದಲ್ಲಿ ನಡೆಯುವ ಕೆಲಸದ ಬಹುಪಾಲು ಇಂದು ಬ್ರೌಸರಿನ ಒಳಗೇ ನಡೆಯುತ್ತದೆ. ಬ್ಯಾಂಕಿನ ವ್ಯವಹಾರ, ರೈಲಿನ ಟಿಕೆಟ್ಟು, ವಿದ್ಯುತ್ತಿನ ಬಿಲ್ಲು, ಮಕ್ಕಳ ಪಾಠ, ಯೂಟ್ಯೂಬಿನ ಯಕ್ಷಗಾನ, ಇವಕ್ಕೆಲ್ಲ ಕ್ರೋಮ್ ಅಥವಾ ಫೈರ್‌ಫಾಕ್ಸ್ ಇದ್ದರೆ ಸಾಕು, ಅವುಗಳ ಅಡಿಯಲ್ಲಿ ಯಾವ ವ್ಯವಸ್ಥೆಯಿದೆಯೆಂಬುದು ಬಳಸುವವರ ಗಮನಕ್ಕೂ ಬರುವುದಿಲ್ಲ. ತೊಡಕಿರುವುದು ಬ್ರೌಸರಿನ ಹೊರಗೆ ಉಳಿದ ಅಲ್ಪಭಾಗದಲ್ಲಿ. ಮನೆಯಲ್ಲಿ ಒಬ್ಬರು ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುವವರಿದ್ದರೆ, ಬೆಂಗಳೂರಿನದೇ ಆದ ಆ ಪ್ರಸಿದ್ಧ ತಂತ್ರಾಂಶ ವಿಂಡೋಸಿಗೆಂದೇ ರಚಿತವಾದುದು. ಜಿಎಸ್‌ಟಿ ದಾಖಲೆಗಳಿಗೆ ಸಹಿ ಹಾಕುವ ಡಿಜಿಟಲ್ ಸಿಗ್ನೇಚರ್ ಡಾಂಗಲ್ ಇತರ ವ್ಯವಸ್ಥೆಗಳಲ್ಲಿ ನಡೆದರೂ ನಡೆಯಬಹುದು, ಸತಾಯಿಸಿದರೂ ಸತಾಯಿಸಬಹುದು. ಮಕ್ಕಳು ಮನೆಯಿಂದ ಬರೆಯುವ ಪರೀಕ್ಷೆಗಳ ಕಾವಲು ತಂತ್ರಾಂಶಗಳಲ್ಲಿ ಎಷ್ಟೋ ವಿಂಡೋಸನ್ನೋ ಮ್ಯಾಕನ್ನೋ ಮಾತ್ರ ಒಪ್ಪುತ್ತವೆ. ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸಿಕೊಡುವ ವೈನ್ ಎಂಬ ಉಪಾಯ 1993ರಿಂದಲೂ ಬೆಳೆದು ಬಂದಿದೆಯಾದರೂ, ತೆರಿಗೆಯ ಕೊನೆಯ ದಿನದ ರಾತ್ರಿ ಅದನ್ನು ನಂಬಿ ಕುಳಿತುಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ. ಇಂಥ ಒಂದೇ ಒಂದು ಗಂಟು ಮನೆಯಲ್ಲಿದ್ದರೂ ವಿಂಡೋಸನ್ನು ಇಟ್ಟುಕೊಳ್ಳುವುದೇ ಯುಕ್ತ. ಸಿದ್ಧಾಂತಕ್ಕಾಗಿ ನಿತ್ಯದ ಜೀವನೋಪಾಯವನ್ನು ಕೆಡಿಸಿಕೊಳ್ಳಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.

ಪ್ರಿಂಟರಿನ ವಿಷಯದಲ್ಲಿ ಭಯ ಈಗ ಅಷ್ಟಿಲ್ಲ. ಮ್ಯಾಕೂ ಲಿನಕ್ಸೂ ಮುದ್ರಣಕ್ಕೆ ಬಳಸುತ್ತ ಬಂದಿರುವುದು ಕಪ್ಸ್ ಎಂಬ ಒಂದೇ ಮೂಲದ ವ್ಯವಸ್ಥೆಯನ್ನು, ಆದ್ದರಿಂದ ವೈಫೈಯಿರುವ ಹೊಸ ಪ್ರಿಂಟರುಗಳು ಬಹುತೇಕ ತಾವಾಗಿಯೇ ಗುರುತಿಗೆ ಸಿಗುತ್ತವೆ. ಹೆಚ್ಚಿನ ತಲೆನೋವು ಬರುವುದು ಯಾರೂ ಊಹಿಸದ ಪೆನ್ ಡ್ರೈವಿನಿಂದ.

ಮದುವೆಯ ವಿಡಿಯೊ ಒಂದನ್ನು ನೆಂಟರಿಗೆ ಕೊಡಬೇಕಾದ ಪ್ರಸಂಗವನ್ನು ತೆಗೆದುಕೊಳ್ಳಿ. ಕಡತ ಐದು ಜಿಬಿ, ಪೆನ್ ಡ್ರೈವಿನಲ್ಲಿ ಖಾಲಿ ಇರುವ ಸ್ಥಳ ಇಪ್ಪತ್ತು ಜಿಬಿ, ಆದರೂ ಸ್ಥಳ ಸಾಲದೆಂಬ ಅರ್ಥದ ದೂರು ಪರದೆಯ ಮೇಲೆ ಬರುತ್ತದೆ. ಆ ಪೆನ್ ಡ್ರೈವಿನಲ್ಲಿ ಕಡತಗಳ ಲೆಕ್ಕವಿಡುವ ಪದ್ಧತಿ ಫ್ಯಾಟ್32 ಎಂಬುದು; ಅದರಲ್ಲಿ ಒಂದೊಂದು ಕಡತದ ಗಾತ್ರವನ್ನು ಬರೆಯಲು ಇಟ್ಟಿರುವ ಮನೆಗಳು ಮೂವತ್ತೆರಡು ಬಿಟ್ ಮಾತ್ರ; ಮೂವತ್ತೆರಡು ಬಿಟ್‌ಗಳಲ್ಲಿ ಬರೆಯಬಹುದಾದ ಪರಮಾವಧಿ ಸಂಖ್ಯೆ 4 ಜಿಬಿಗೆ ಒಂದು ಬೈಟು ಕಡಮೆ. ಅದಕ್ಕಿಂತ ದೊಡ್ಡ ಕಡತವನ್ನು ಇಡಲು ಸ್ಥಳವಿದ್ದರೂ ಅದರ ಗಾತ್ರವನ್ನು ಬರೆದುಕೊಳ್ಳಲು ಪುಸ್ತಕದಲ್ಲಿ ಅಂಕಣ ಸಾಲದು. ಎಕ್ಸ್‌ಫ್ಯಾಟ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿದರೆ ಮೂರು ವ್ಯವಸ್ಥೆಗಳಲ್ಲಿಯೂ ಈ ತೊಂದರೆ ನೀಗುತ್ತದೆ. ಇನ್ನು ಸ್ಟುಡಿಯೊದವರು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ವಿಂಡೋಸಿನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ತುಂಬಿ ಕೊಟ್ಟದ್ದನ್ನು ಮ್ಯಾಕಿಗೆ ಚುಚ್ಚಿದರೆ, ಅದರಲ್ಲಿರುವುದನ್ನು ಓದಬಹುದೇ ಹೊರತು ಒಂದು ಫೋಟೊವನ್ನೂ ಹೊಸದಾಗಿ ಅದಕ್ಕೆ ಸೇರಿಸಲಾಗದು. ಲಿನಕ್ಸು ಎರಡನ್ನೂ ಮಾಡುತ್ತದೆ. ಆದರೆ ಲಿನಕ್ಸಿಗೂ ಒಂದು ಅಭ್ಯಾಸವುಂಟು. ಕಡತವನ್ನು ಪೆನ್ ಡ್ರೈವಿಗೆ ಹಾಕುವಾಗ ಅದು ಮೊದಲು ಸಾಕಷ್ಟನ್ನು ಸ್ಮೃತಿಯಲ್ಲಿ ಇರಿಸಿಕೊಂಡು, ಪರದೆಯ ಮೇಲಿನ ಪಟ್ಟಿಯನ್ನು ತಟ್ಟನೆ ತುಂಬಿಸಿ, ನಿಜವಾದ ಬರವಣಿಗೆಯನ್ನು ಹಿಂದಿನಿಂದ ನಿಧಾನವಾಗಿ ನಡೆಸುತ್ತಿರುತ್ತದೆ. ಪಟ್ಟಿ ತುಂಬಿತೆಂದು ಕಿತ್ತುಕೊಂಡವರ ವಿಡಿಯೊ ಧಾರೆಯ ಹೊತ್ತಿಗೆ ನಿಂತುಹೋಗುತ್ತದೆ. ಎಜೆಕ್ಟ್ ಗುಂಡಿಯನ್ನು ಒತ್ತಿ, ತೆಗೆಯಬಹುದೆಂದು ಅದು ಹೇಳುವವರೆಗೆ ಕಾಯಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ಪರೀಕ್ಷೆಯಿದೆ, ಇದರ ಬಗ್ಗೆ ಅಂಗಡಿಯವರು ಮಾತನಾಡುವುದಿಲ್ಲ. ಸೂರ್ಯ ಎಂದು ಬರೆಯುವಾಗ ಗಣಕದ ಸ್ಮೃತಿಯಲ್ಲಿ ಕೂರುವುದು ಐದು ಸಂಕೇತಗಳು: ಸಕಾರ, ಊಕಾರದ ಚಿಹ್ನೆ, ರಕಾರ, ಹಲಂತದ ಚಿಹ್ನೆ, ಯಕಾರ. ಉಚ್ಚಾರಣೆಯ ಕ್ರಮವೂ ಇದೇ. ಆದರೆ ನಮ್ಮ ಬರವಣಿಗೆಯ ಸಂಪ್ರದಾಯದಲ್ಲಿ ರಕಾರವು ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿ ಕುಳಿತುಕೊಳ್ಳಬೇಕು; ಅಂದರೆ ಮೊದಲು ನುಡಿದದ್ದು ಆಮೇಲೆ ಕಾಣಬೇಕು. ಸಂಕೇತಗಳ ಈ ಸಾಲನ್ನು ಅಕ್ಷರದ ಆಕೃತಿಯಾಗಿ ಜೋಡಿಸಿಕೊಡುವ ಅಂಗವೊಂದು ಪ್ರತಿ ವ್ಯವಸ್ಥೆಯಲ್ಲಿಯೂ ಇರುತ್ತದೆ. ಲಿನಕ್ಸಿನಲ್ಲಿಯೂ ಆಂಡ್ರಾಯ್ಡಿನಲ್ಲಿಯೂ ಅದರ ಹೆಸರು ಹಾರ್ಫ್‌ಬಝ್. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದ್ದರೂ, ಈ ಜೋಡಣೆ ಎಲ್ಲೆಡೆ ಸರಿಹೋಗಲು ಮತ್ತಷ್ಟು ವರ್ಷಗಳು ಬೇಕಾದವು, ಆ ನಡುವಿನ ಕಾಲದಲ್ಲಿ ಒತ್ತಕ್ಷರಗಳು ಪಕ್ಕಕ್ಕೆ ಬಿದ್ದು, ಅರ್ಕಾವತ್ತು ಒಡೆದು ನಿಂತ ಕನ್ನಡವನ್ನು ಓದಿ ನಮ್ಮ ತಲೆಮಾರು ಸಾಕಷ್ಟು ಕಣ್ಣೀರು ಸುರಿಸಿದೆ. ಈಗ ಮೂರು ವ್ಯವಸ್ಥೆಗಳೂ ಕನ್ನಡವನ್ನು ಚೊಕ್ಕಟವಾಗಿ ತೋರಿಸುತ್ತವೆ. ಬರೆಯುವ ಕೀಲಿಮಣೆಯಲ್ಲಿ ಭೇದವುಂಟು: ಸರಕಾರಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಎಲ್ಲದರಲ್ಲಿಯೂ ಒಂದಲ್ಲ ಒಂದು ರೀತಿಯಲ್ಲಿ ಇದೆ, ಕೆ.ಪಿ. ರಾಯರ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತಿನ ನುಡಿ ಎಂಬ ತಂತ್ರಾಂಶದಿಂದ ಜನಪ್ರಿಯವಾದ ಕೀಲಿಮಣೆ, ಬೆರಳಿಗೆ ಅದೊಂದೇ ಒಗ್ಗಿರುವವರಿಗಾಗಿ, ಲಿನಕ್ಸಿನ ಐಬಸ್ ವ್ಯವಸ್ಥೆಯಲ್ಲಿ ಕೆಜಿಪಿ ಎಂಬ ಹೆಸರಿನಿಂದ ಆರಿಸಿಕೊಳ್ಳಲು ದೊರೆಯುತ್ತದೆ.

ತೊಂದರೆಯಿರುವುದು ಹಳೆಯ ಬರಹಗಳಿಗೆ. ಯುನಿಕೋಡ್ ಹರಡುವುದಕ್ಕೆ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಬರೆದಿಟ್ಟ ಕಡತಗಳಲ್ಲಿ ವಾಸ್ತವವಾಗಿ ಕನ್ನಡವೇ ಇಲ್ಲ; ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ ಫಾಂಟೊಂದು ಇದ್ದರೆ ಮಾತ್ರ ಅವು ಕನ್ನಡವೆಂದು ತೋರುತ್ತವೆ. ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಮೂವತ್ತು ವರ್ಷದ ಕಾವ್ಯಕೃಷಿ ಅರ್ಥಹೀನ ಲ್ಯಾಟಿನ್ ಅಕ್ಷರಗಳ ಹೊಟ್ಟಿನಂತೆ ಹರಡಿಕೊಳ್ಳುತ್ತದೆ. ನಮ್ಮ ಪ್ರಕಾಶಕರಲ್ಲಿ ಎಷ್ಟೋ ಮಂದಿ ಇಂದಿಗೂ ಪುಸ್ತಕದ ಪುಟಗಳನ್ನು ಪೇಜ್‌ಮೇಕರಿನಲ್ಲಿ ಇಂಥ ಫಾಂಟುಗಳಿಂದಲೇ ಕಟ್ಟಿಸುತ್ತಿರುವುದರಿಂದ, ಡಿಟಿಪಿ ಕೆಲಸವನ್ನು ಮನೆಯಲ್ಲಿ ಮಾಡುವವರಿಗೆ ವಿಂಡೋಸನ್ನು ಬಿಡುವ ಸ್ವಾತಂತ್ರ್ಯ ಸದ್ಯಕ್ಕಿಲ್ಲ. ಬರೀ ಲೇಖಕರಾದವರು ವ್ಯವಸ್ಥೆಯನ್ನು ಬದಲಿಸಲಿ ಬಿಡಲಿ, ಆ ಹಳೆಯ ಕಡತಗಳನ್ನು ಪರಿವರ್ತಕಗಳಿಂದ ಯುನಿಕೋಡಿಗೆ ತಿರುಗಿಸಿಡುವುದನ್ನು ಮುಂದೂಡಬಾರದು. ತಿರುಗಿಸಿದ್ದನ್ನು ಒಮ್ಮೆ ಕಣ್ಣಾಡಿಸಿ ತಿದ್ದುವ ಶ್ರಮ ತಪ್ಪಿದ್ದಲ್ಲ.

ಹೊಸದಾಗಿ ಕೊಳ್ಳುವವರ ವಿಷಯ ಬೇಗ ಮುಗಿಯುತ್ತದೆ. ಧನವಿದ್ದು, ವಿಡಿಯೊ ಅಥವಾ ಸಂಗೀತದ ಕೆಲಸ ಮಾಡುವವರಾಗಿ, ಯಂತ್ರದ ಮೇಲ್ಮುಚ್ಚಳ ತೆರೆಸುವ ಹಂಬಲವಿಲ್ಲದವರಾದರೆ ಮ್ಯಾಕ್ ಉತ್ತಮ ಸಂಗಾತಿ; 2020ರಿಂದ ಅದರಲ್ಲಿ ಬರುತ್ತಿರುವ ಆಪಲ್ಲಿನದೇ ಸಂಸ್ಕಾರಕಗಳು ಅಲ್ಪ ವಿದ್ಯುತ್ತಿನಲ್ಲಿ ಬಹಳ ಹೊತ್ತು ದುಡಿಯುತ್ತವೆ. ಉಳಿದವರು ಕೊಳ್ಳುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದ್ದೇ ಬರುವುದರಿಂದ ಅದರ ಬೆಲೆಯನ್ನು ಹೇಗೂ ತೆತ್ತಾಗಿರುತ್ತದೆ, ಅದನ್ನು ಅಳಿಸುವ ಅವಸರವೇನೂ ಇಲ್ಲ; ಮೈಕ್ರೋಸಾಫ್ಟ್ ಖಾತೆ ತೆರೆಯಿರೆಂದು ಆರಂಭದಲ್ಲಿಯೇ ಅದು ಹಿಡಿಯುವ ಹಟವನ್ನು ಸಹಿಸಿಕೊಂಡರಾಯಿತು. ನನಗಂತೂ ಆ ಹಟ ರುಚಿಸುವುದಿಲ್ಲ. ನನ್ನದೆಂದು ಹಣ ಕೊಟ್ಟು ತಂದ ಯಂತ್ರದ ಹೊಸ್ತಿಲಿನಲ್ಲಿ ಮತ್ತೊಬ್ಬರಿಗೆ ಹೆಸರು ಹೇಳಿ ಒಳಗೆ ಹೋಗುವುದೇಕೆ ಎನಿಸುತ್ತದೆ. ಆದರೆ ಮರೆತ ಪಾಸ್‌ವರ್ಡನ್ನು ಮರಳಿ ಪಡೆಯುವುದಕ್ಕೆ ಆ ಖಾತೆಯೇ ಆಧಾರವಾಗುವುದನ್ನು ಕಂಡವರು ನನ್ನ ಮಾತನ್ನು ಒಪ್ಪಲಾರರು.

ಲಿನಕ್ಸನ್ನು ನೋಡಬೇಕೆನ್ನುವವರು ಇದ್ದುದನ್ನು ಅಳಿಸದೆಯೇ ನೋಡಬಹುದು. ಉಬುಂಟು ಅಥವಾ ಮಿಂಟಿನ ಜಾಲತಾಣದಿಂದ ಅದರ ಕಡತವನ್ನು ಇಳಿಸಿಕೊಂಡು, 8 ಜಿಬಿಯ ಪೆನ್ ಡ್ರೈವಿಗೆ ವಿಧಿವತ್ತಾಗಿ ಬರೆಸಿ, ಗಣಕವನ್ನು ಅದರಿಂದಲೇ ಹೊತ್ತಿಸಿದರೆ ಇಡೀ ವ್ಯವಸ್ಥೆ ಪೆನ್ ಡ್ರೈವಿನಿಂದಲೇ ನಡೆಯುತ್ತದೆ. ಇನ್‌ಸ್ಟಾಲ್ ಎಂಬುದನ್ನು ಒತ್ತದಿರುವವರೆಗೆ ಒಳಗಿನ ಡಿಸ್ಕಿಗೆ ಅಪಾಯವಿಲ್ಲ. ಹಾಗೆ ನಡೆಸಿ ವೈಫೈ ಸಿಕ್ಕುವುದೇ, ಸದ್ದು ಹೊರಡುವುದೇ, ಕ್ಯಾಮೆರಾದಲ್ಲಿ ಮುಖ ಕಾಣುವುದೇ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಗೊಳ್ಳುವುದೇ, ಪ್ರಿಂಟರು ಕಾಗದ ಉಗುಳುವುದೇ ಎಂದು ಒಂದು ಸಂಜೆ ನೋಡಬೇಕು. ಈ ಐದರಲ್ಲಿ ಕೈಕೊಡುವುದು ಸಾಮಾನ್ಯವಾಗಿ ವೈಫೈ ಅಥವಾ ಮುಚ್ಚಳದ ಸಂಗತಿ. ಮನಸ್ಸಿಗೆ ಒಪ್ಪಿ, ವಿಂಡೋಸಿನ ಪಕ್ಕದಲ್ಲಿಯೇ ಇದನ್ನೂ ಸ್ಥಾಪಿಸಿಕೊಳ್ಳಬೇಕೆಂದಾದರೆ, ಮೊದಲು ಫೋಟೊಗಳನ್ನೂ ಪತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಂಡು, ವಿಂಡೋಸಿನಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪೀಕರಣ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಿ, ಇದ್ದಲ್ಲಿ ಅದರ ನಲವತ್ತೆಂಟು ಅಂಕೆಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದುವರಿಯತಕ್ಕದ್ದು. ಗಣಕವು ಹೊತ್ತುವ ಬಗೆ ಬದಲಾದುದನ್ನು ಕಂಡು ಸಂಶಯಗೊಂಡ ವಿಂಡೋಸ್ ಆ ಕೀಲಿಯನ್ನು ಕೇಳುವುದುಂಟು, ಕೊಡದಿದ್ದರೆ ಡಿಸ್ಕನ್ನು ತೆರೆಯುವುದಿಲ್ಲ. ಉಬುಂಟುವಿನಲ್ಲಿ ಎಲ್‌ಟಿಎಸ್ ಎಂಬ ಗುರುತಿನ ಆವೃತ್ತಿಯನ್ನೇ ಆರಿಸಿಕೊಳ್ಳಬೇಕು: ಎರಡು ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳಲ್ಲಿ ಹೊರಬರುವ ಅದಕ್ಕೆ ಐದು ವರ್ಷ ತಿದ್ದುಪಡಿಗಳು ಉಚಿತವಾಗಿ ಬರುತ್ತವೆ. 2024ರಲ್ಲಿ ಬಂದ 24.04ಕ್ಕೆ ಅವು 2029ರವರೆಗೆ ಬರತಕ್ಕವು.